ಮಾತಾಡಿಸಲು ಬಂದವರು

"ಇದೇನು ಬರದೀಯವ್ವಾ? ನಮ್ಮ ಮನ್ಯಾಗ ಯಾರಿಗೂ ಮುನಿಸಿಲ್ಲ. ಮೊದಲು ಇದನ್ನ ಹೊಡದು ಹಾಕು." ವಿರೂಪಣ್ಣ ಹಾಳೆಯನ್ನು ಕಾವ್ಯಾಳ ಮುಂದೆ ತಳ್ಳಿದರು.

ಜನ ಮಾತನ್ನು ಹೇಗೆ ಶುರು ಮಾಡುತ್ತಾರೆ, ಹೇಗೆ ಮುಗಿಸುತ್ತಾರೆ ಎಂಬುದು ಕಾವ್ಯಾಳ ಸಂಶೋಧನೆ. ವಿರೂಪಣ್ಣನವರ ಹೆಂಡತಿ ಅಂಬಮ್ಮ ತೀರಿಕೊಂಡ ಮೇಲೆ ಮನೆಗೆ ಮಾತಾಡಿಸಲು ಬಂದವರ ಮಾತುಗಳನ್ನು, ಎಲ್ಲರ ಒಪ್ಪಿಗೆ ಪಡೆದು, ರೆಕಾರ್ಡ್ ಮಾಡಿಕೊಂಡಿದ್ದಳು. ಬರೆದದ್ದನ್ನು ಮನೆಯವರಿಗೇ ತೋರಿಸಿ ಸರಿಯೆನ್ನಿಸಿಕೊಳ್ಳಲು ಇಂದು ರಾಯಚೂರಿನಿಂದ ಮಾನ್ವಿಗೆ ಬಂದಿದ್ದಳು.

"ಅಜ್ಜಾರ, ಅಮರಪ್ಪನೋರು ಹೋಗುವಾಗ ನಿಮಗ ಏನೂ ಹೇಳಿಲ್ಲರೀ. ಸುಮ್ನ ಎದ್ದು ಹೋಗ್ಯಾರ. ಮಾತಿಗೆ ಮುಕ್ತಾಯನ ಇಲ್ಲ. ಅದಕ್ಕ ಮುನಿಸು ಉಳಿದಂಗದ ಅಂತ ಬರದೀನಿ."

"ಶಿವನೇ!" ವಿರೂಪಣ್ಣ ಹಣೆ ಒತ್ತಿಕೊಂಡರು, ಬೆರಳಿಗೆ ವಿಭೂತಿ ಹತ್ತಿತು. "ಸಾವಿನ ಮನ್ಯಾಗ ಹೋಗಿ ಬರ್ತೀನಿ ಅಂತಾರೇನು? ಬರ್ತೀನಿ ಅಂದ್ರ ಇಂಥದಕ್ಕ ಮತ್ತ ಬರ್ತೀನಿ ಅಂದಂಗ. ಎಲ್ಲಾರೂ ಸುಮ್ನ ಎದ್ದು ಹೋಗ್ತಾರ. ಇಷ್ಟು ಓದಿ ಇದು ಗೊತ್ತಿಲ್ಲ!"

"ಗೊತ್ತದರೀ. ಆದ್ರ ಉಳಿದೋರು ಎದ್ದು ಹೋಗುವಾಗ 'ಧೈರ್ಯ ತಗೋರಿ' ಅಂತಾದ್ರೂ ಅಂದಾರ. ಇವರು ಅದನ್ನೂ ಅಂದಿಲ್ಲ."

ವಿರೂಪಣ್ಣ ಹಾಳೆಯನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯ ಅಮರಪ್ಪ ಅಂಬಮ್ಮನ ಅಣ್ಣ. ತನ್ನ ಮಗಳನ್ನು ಈ ಮನೆಗೆ ಸೊಸೆಯಾಗಿ ತಂದುಕೊಳ್ಳಲಿಲ್ಲವೆಂದು ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದ. ತಂಗಿಯ ಮಣ್ಣಿಗೆ ಬಂದಾಗಲೂ ಮನೆಯೊಳಗೆ ಬರದೆ ಹಾಗೆಯೇ ಊರಿಗೆ ಹಿಂದಿರುಗಿದ್ದ. ಆಮೇಲೊಂದು ದಿನ ಬಂದ, ಕುಳಿತ, ಎದ್ದು ಹೋದ. ಅದು ಪದ್ಧತಿಯೋ, ಹಳೆಯ ಸಿಟ್ಟೋ? ಅಂಗೈಯ ಲಿಂಗದ ಮುಂದೆ ಕುಳಿತರೂ ವಿರೂಪಣ್ಣನವರಿಗೆ ಅದೇ ಯೋಚನೆ. ಈಗ ಈ ಹುಡುಗಿ ಅದನ್ನೇ ಅಚ್ಚು ಮಾಡಿ ತಂದಿದ್ದಾಳೆ.

"ಮತ್ತ ಇದೇನು?" ಅವರ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. ಅಲ್ಲಿ ಆವರಣದೊಳಗೆ 'ಅಸ್ಪಷ್ಟ' ಎಂದಿತ್ತು.

"ಬಾಗಲ ಹತ್ರ ಏನೋ ಅಂದಾರರೀ. ನನಗ ತಿಳೀಲಿಲ್ಲ."

"ಆಗ ಏನೂ ಹೇಳಿಲ್ಲ ಅಂದಿ, ಈಗ ಏನೋ ಅಂದಾರ ಅಂತಿ! ನಿನ್ನ ಶಾಸ್ತ್ರ ಏನಿದ್ದೀತು? ಕೇಳಸು."

ಕಾವ್ಯಾ ಫೋನಿನ ದನಿ ಏರಿಸಿದಳು. ಚಪ್ಪಲಿಯ ಸದ್ದು, ಕೆಮ್ಮು, ಆಮೇಲೆ ತಗ್ಗಿದ ದನಿ. ವಿರೂಪಣ್ಣ ಕಿವಿಯನ್ನು ಅದಕ್ಕೇ ಅಂಟಿಸಿದರು. "ಬರೇ ಗರಗರ ಅಂತದ. ಮನುಷ್ಯನೋ, ಮಿಕ್ಸರೋ?"

ಒಲೆಯ ಮುಂದಿನಿಂದ ಸೊಸೆ ಚಂದ್ರಕಲಾ ಎದ್ದು ಬಂದಳು. "ಇನ್ನೊಮ್ಮೆ ಹಾಕ್ರಿ ಅಕ್ಕಾರ." ತಲೆ ಬಾಗಿಸಿ ಕೇಳಿದಳು. ಬಾಗಿಲ ಪಕ್ಕದಲ್ಲಿದ್ದ ಅತ್ತೆಯ ಫೋಟೋದ ಕಡೆ ನೋಡಿದಳು.

"ಮಾವಾರ, ಅವರು ಮಾತಾಡಿದ್ದು ನಮ್ಮ ಸಂಗಾಟ ಅಲ್ಲರೀ. ಫೋಟೋದ ಮುಂದ ನಿಂತು, 'ಅಂಬವ್ವಾ, ಬರ್ತೀನಿ ಬೇ' ಅಂದಾರ."

ಮತ್ತೊಮ್ಮೆ ಹಾಕಿದಾಗ ವಿರೂಪಣ್ಣನವರಿಗೂ ಕೇಳಿಸಿತು.

"ಹುಚ್ಚ!" ಎಂದು ಕೂಗಿದರು. "ಹುಚ್ಚ ಅದಾನ ಅಂವ! ತಲಿ ಬೆಳ್ಳಗಾದ್ರೂ ಸಾವಿನ ಮನ್ಯಾಗ ಏನು ಅನಬೇಕು, ಏನು ಅನಬಾರದು ತಿಳಿಯಂಗಿಲ್ಲ!" ಬೈಯುತ್ತಲೇ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು.

ಕಾವ್ಯಾ ಮುನಿಸಿನ ಸಾಲನ್ನು ಹೊಡೆದು ಹಾಕಿದಳು. ಹಾಳೆ ಮಡಿಚಿ ಎದ್ದವಳು, ನಾಲಿಗೆಯ ತುದಿಗೆ ಬಂದ 'ಹೋಗಿ ಬರ್ತೀನಿ'ಯನ್ನು ನುಂಗಿಕೊಂಡು, ಸುಮ್ಮನೆ ಮೆಟ್ಟಿಲಿಳಿದಳು. ಬಿಸಿಲು ಒಳಗೆ ಬರುತ್ತದೆಂದು ಚಂದ್ರಕಲಾ ಬಾಗಿಲು ಹಾಕಲು ಹೋದಳು.

"ಹಾಕಬ್ಯಾಡ," ಎಂದರು ವಿರೂಪಣ್ಣ. "ಬರ್ತೀನಿ ಅಂದಾನ."