ಸಹಿಯ ಕೆಳಗೆ ಸಹಿ

ನಿಜಾಮರ ಸರಕಾರವನ್ನು ಎದುರು ಹಾಕಿಕೊಂಡದ್ದಕ್ಕೆ ವಕೀಲ ಹಣಮಂತರಾಯರು ತೆತ್ತದ್ದು ಇಷ್ಟು: ಹನ್ನೊಂದು ತಿಂಗಳ ಜೈಲು, ಮುಂದಿನ ಎರಡು ಹಲ್ಲು, ವಕೀಲಿ ಸನದು. ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಸನದು ತಿರುಗಿ ಬಂತು. ಆದರೆ ಹೊಸ ಕಲೆಕ್ಟರರ ಮೋಟಾರು ಕಾನೂನು ಸಲಹೆ ಕೇಳಲು ನಿಂತದ್ದು ಬುರ್ಹಾನುದ್ದೀನ್ ವಕೀಲರ ಬಾಗಿಲಲ್ಲಿ. ಹಿಂದಿನ ಸರಕಾರದ ಪರ ವಾದಿಸುತ್ತಿದ್ದವರು ಅವರು!

ಹಣಮಂತರಾಯರು ಎದುರಿನ ಅಂಗಡಿಯಲ್ಲಿ ಬೇಡದ ಎಲೆ ಅಡಿಕೆ ಕೊಳ್ಳುತ್ತಾ ನಿಂತರು. ಒಳಗೆ ಎರಡನೇ ಸಲ ಚಹಾ ಹೋದದ್ದೂ ಅವರ ಕಣ್ಣು ತಪ್ಪಲಿಲ್ಲ.

ತಿಂಗಳ ನಂತರ, ಸರಕಾರ ಜಾಗೀರದಾರರಿಂದ ತೆಗೆದುಕೊಳ್ಳುತ್ತಿದ್ದ ಕಮಲಾಪುರದ ಜಾಗೀರು ಜಮೀನಿನ ಕಾಗದದ ಕಟ್ಟು ಅಭಿಪ್ರಾಯಕ್ಕೆಂದು ಹಣಮಂತರಾಯರ ಮನೆಗೂ ಬಂತು. ನಡುವಿನ ಬಾಳೆತೋಟವನ್ನೂ ಸರಕಾರ ವಶಪಡಿಸಿಕೊಳ್ಳಬಹುದೇ ಎಂಬುದು ಪ್ರಶ್ನೆ. ಬುರ್ಹಾನುದ್ದೀನರು 'ಕೂಡದು' ಎಂದಿದ್ದಾರೆಂದು ಕಟ್ಟು ತಂದ ಗುಮಾಸ್ತ ಹೇಳಿದ. ಹಣಮಂತರಾಯರು ಕಟ್ಟು ಬಿಚ್ಚದೆಯೇ 'ವಶಪಡಿಸಿಕೊಳ್ಳಬಹುದು' ಎಂದು ಬರೆದು ಕಳಿಸಿದರು.

ಮರುದಿನ ಕಲೆಕ್ಟರರು ಕರೆಸಿದರು. ಧಾರವಾಡದ ಕಡೆಯವರು.

"ರಾಯರ, ಅವ್ರು ಮುಟ್ಟಬ್ಯಾಡ್ರಿ ಅಂತಾರ, ನೀವು ತಗೋರಿ ಅಂತೀರಿ."

"ಅವ್ರು ಜಾಗೀರದಾರ ಮಂದಿ ಕಡೆಯವ್ರು ಸಾಹೇಬ್ರ. ಬ್ಯಾಡ ಅನ್ನದ ಮತ್ತೇನಂತಾರ?"

"ತೋಟ ಜಾಗೀರದಾರಂದಲ್ರೀ. ಪೀರಪ್ಪ ಅನ್ನೋ ರೈತಂದು. ಮೂವತ್ತು ವರ್ಷದ ಪಹಣಿ ಅದ. ಕಟ್ಟು ಬಿಚ್ಚಿದ್ರೋ ಇಲ್ಲೋ?"

ಹಣಮಂತರಾಯರ ನಾಲಿಗೆ ಹಲ್ಲಿಲ್ಲದ ಸಂದಿಗೆ ಹೋಯಿತು. ನಿಜಾಮರ ಪೊಲೀಸರು ಹುಡುಕುತ್ತಿದ್ದಾಗ ತಮ್ಮನ್ನು ನಾಲ್ಕು ದಿನ ಅದೇ ತೋಟದಲ್ಲಿ ಅಡಗಿಸಿಟ್ಟು ರೊಟ್ಟಿ ಹಾಕಿದ್ದವನು ಪೀರಪ್ಪ.

"ಬುರ್ಹಾನುದ್ದೀನರನ್ಯಾಕ ಕೇಳ್ತಾರ ಅಂತ ಊರ ತುಂಬ ಅಂದೀರಂತ," ಕಲೆಕ್ಟರರು ನಕ್ಕರು. "ನಮ್ಮ ಕಡೆಯವ್ರು ಎಲ್ಲಾದಕ್ಕೂ ಹೂಂ ಅಂತಾರ್ರೀ. ಬ್ಯಾಡ ಅನ್ನಾಂವ ಒಬ್ಬನಾದ್ರೂ ಬೇಕಲ್ಲ ನನಗ."

"ಎರಡೂ ಕಾಗದ ಕೊಡ್ರಿ ಇಲ್ಲಿ."

ಹಣಮಂತರಾಯರು ತಮ್ಮ ಕಾಗದ ಹರಿದರು. ಬುರ್ಹಾನುದ್ದೀನರ ಅಭಿಪ್ರಾಯದ ಕೆಳಗೆ 'ಒಪ್ಪಿದ್ದೇನೆ' ಎಂದು ಬರೆದು ಸಹಿ ಹಾಕಿದರು. ಸಹಿಯನ್ನು ಮಾತ್ರ ಅವರದಕ್ಕಿಂತ ದೊಡ್ಡದಾಗಿ ಹಾಕಿದರು.

ಪೀರಪ್ಪನ ತೋಟ ಉಳಿಯಿತು. ಮೋಟಾರು ಆಮೇಲೂ ಬುರ್ಹಾನುದ್ದೀನರ ಬಾಗಿಲಲ್ಲೇ ನಿಲ್ಲುತ್ತಿತ್ತು.