ಕಾಂಪೌಂಡರ್ ಈರಪ್ಪನ ಗಲ್ಲು

ಕೊಲೆಗಾರನ ಹೆಸರು ಹೊರಗೆ ಬರಬಾರದೆಂದು, ಹಸ್ತಪ್ರತಿ ಕೊಟ್ಟ ದಿನವೇ ಲೇಖಕರ ತಲೆಯಿಂದ ಆ ಕಾದಂಬರಿಯನ್ನು ಅಳಿಸಿಹಾಕುವುದು ಪತ್ತೇದಾರಿ ಪ್ರಕಾಶಕರ ಪದ್ಧತಿ. ಶಾಂಭವಿ ಹೊಂಬಳಗೆ ಅದು ಅಭ್ಯಾಸವಾಗಿತ್ತು. ಹಲ್ಲು ಕೀಳಿಸಿಕೊಂಡಷ್ಟೂ ನೋವಿರಲಿಲ್ಲ.

ಈ ಸಲ ಗದಗದ ಪ್ರೆಸ್ಸಿನಲ್ಲಿ ಕೊನೆಯ ಅಧ್ಯಾಯ ಕಳೆದುಹೋಯಿತು. ಉಳಿದದ್ದನ್ನು ಅವಳು ಬೇರೆ ಯಾರದೋ ಪುಸ್ತಕದಂತೆ ಎರಡು ದಿನ ಓದಿದಳು. ಡಾಕ್ಟರನನ್ನು ಕೊಂದವನು ಕಾಂಪೌಂಡರ್ ಈರಪ್ಪನೆಂದು ಪತ್ತೆಹಚ್ಚಿ, ಸಾಕ್ಷಿ ಸಮೇತ ಹನ್ನೊಂದು ಪುಟ ಬರೆದು, ಅವನನ್ನು ಗಲ್ಲಿಗೇರಿಸಿ ತಂದಳು.

ಪ್ರಕಾಶಕ ಮಡಿವಾಳಪ್ಪ ಕೆಲವು ಹಾಳೆಗಳನ್ನು ಅವಳ ಮುಂದಿಟ್ಟ.

"ಕಳದಿದ್ದು ಮುಂಜಾನೆ ಸಿಕ್ತ್ರಿ ಅಕ್ಕಾರ. ಇದರಾಗ ಕೊಂದಾಕಿ ಡಾಕ್ಟರನ ಹೆಂಡ್ತಿ."

ಅವಳು ಓದಿದಳು. ಅಕ್ಷರ ತನ್ನದೇ. ಸಾಕ್ಷಿಯೂ ಅಷ್ಟೇ ಗಟ್ಟಿಯಾಗಿತ್ತು.

"ಹಂಗಾರ ಈರಪ್ಪ ಕೊಂದಿಲ್ಲೇನ್ರಿ?"

"ನೀವ ಗಲ್ಲಿಗೆ ಹಾಕೀರಲ್ರಿ! ಚಲೋ ಆಗೇದ. ಹೆಂಡ್ತಿ ಅಂದ್ರ ಓದೋರು ಮೊದಲ ಗುರುತು ಹಿಡೀತಾರ. ಈರಪ್ಪನ್ನ ಇಡೂಣ್ರಿ."

"ಅವ ಮಾಡಿಲ್ಲಂದ್ರ?"

"ಮಾಡ್ಯಾನೋ ಇಲ್ಲೋ, ಅದು ನಿಮಗ ಗೊತ್ತಿರಬೇಕಲ್ರಿ?"

ಅವಳಿಗೆ ಗೊತ್ತಿರಲಿಲ್ಲ. ಮಡಿವಾಳಪ್ಪನ ಹಿಂದಿನ ಕಪಾಟಿನಲ್ಲಿ ಅವಳ ನಲವತ್ತೆರಡು ಕಾದಂಬರಿಗಳಿದ್ದವು. ಅವುಗಳಲ್ಲಿ ತಾನು ಯಾರ‍್ಯಾರನ್ನು ಗಲ್ಲಿಗೇರಿಸಿದ್ದೇನೆಂಬುದೂ ಅವಳಿಗೆ ಗೊತ್ತಿರಲಿಲ್ಲ.

"ಮೊದಲನೇದು ತಗದು ಕೊಡ್ರಿ," ಎಂದಳು.

"ಈಗ್ಯಾಕ್ರಿ? ನಿಮ್ಮ ತಲ್ಯಾಗಿಂದು ಅಳಸಾವ್ರು ಒಳಗ ಬಂದು ಕುಂತಾರ."

"ಕುಂದರ್ಲಿ."

ಅವಳು ಆ ಪುಸ್ತಕದ ಕೊನೆಯ ಅಧ್ಯಾಯದ ಹಾಳೆಗಳಿಗೆ ಗುಂಡುಸೂಜಿ ಚುಚ್ಚಿ ಮುಚ್ಚಿ, ಮೊದಲ ಪುಟದಿಂದ ಓದತೊಡಗಿದಳು.