ಒಂದೇ ಹೆಸರಿನ ಇಬ್ಬರು

ನೆನಪುಗಳನ್ನು ಡಬ್ಬಿಯಲ್ಲಿ ಕಟ್ಟಲು ಎಂಟು ಸಾವಿರ, ಆ ಡಬ್ಬಿಯನ್ನು ಕಿವಿಯ ಹಿಂದೆ ಕೂರಿಸಲು ಎರಡು ಸಾವಿರ. ಒಮ್ಮೆ ಮುಚ್ಚಳ ಬಿದ್ದ ಮೇಲೆ ತಿದ್ದಲು ಎಷ್ಟು ಕೊಟ್ಟರೂ ಆಗದು. ಹುಬ್ಬಳ್ಳಿಯ ಅಂಗಡಿಯಲ್ಲಿ ಡಬ್ಬಿ ಕಟ್ಟುವ ಕಸ್ತೂರಿ ಇದನ್ನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತಿದ್ದಳು.

ಮರೆವು ಹತ್ತಿದ ಮುದುಕಿ ಗುರುಬಾಯಿಯ ಡಬ್ಬಿಗೆ ಮುಚ್ಚಳ ಇಳಿಯತೊಡಗಿದಾಗ ಯಂತ್ರ ಕೂಗಿಕೊಂಡಿತು. ಒಂದು ಹೆಸರಿಗೆ ಒಂದೇ ಖಾನೆ. ಸಂಗವ್ವ ಎಂಬ ಖಾನೆಗೆ ಇಬ್ಬರು ಬಂದಿದ್ದರು. ಎರಡನೆಯವಳು ಕೂತರೆ ಮೊದಲನೆಯವಳು ಅಳಿಸಿಹೋಗುತ್ತಾಳೆ.

"ಆಯೀ, ಇವರಿಬ್ಬರು ಯಾರ್ರೀ? ಲಗೂನ ಹೇಳ್ರಿ!"

"ಒಬ್ಬಾಕಿ ನನ್ನ ಹಡದಾಕಿ, ತೀರಿಕೊಂಡಾಳ. ಇನ್ನೊಬ್ಬಾಕಿ ಮೊಮ್ಮಗಳು. ಆಕಿ ಹೆಸರೇ ಇಟ್ಟೀವಿ."

"ಹಂಗಾರ ಹಡದಾಕಿನ್ನ 'ಅವ್ವ' ಅಂತ ಬ್ಯಾರೆ ಇಡಲೇನು?"

"ಬ್ಯಾಡ ಬ್ಯಾಡ! ಮೊಮ್ಮಗಳನ್ನೂ ಅವ್ವಾ ಅಂತನೇ ಕರಿಯೋದು. ಆಕಿನ್ನ ಹೆಸರು ಹಿಡಿದು ಬೈದ್ರ ಹಡದಾಕಿನ್ನ ಬೈದಂಗ ಆಗ್ತೈತಿ."

ಮುಚ್ಚಳಕ್ಕೂ ಡಬ್ಬಿಗೂ ಬೆರಳಷ್ಟೇ ಅಂತರವಿತ್ತು. ಕಸ್ತೂರಿ ಗುರುಬಾಯಿಯತ್ತ ಬಾಗಿದಳು.

"ಹೆಸರು ಬಿಡ್ರಿ. ಏನು ಕಂಡ್ರ ಹಡದಾಕಿ ನೆನಪಾಗ್ತಾಳ?"

"ಚಟ್ನಿಗೆ ಅಗಸಿ ಹುರಿಯೋ ವಾಸನಿ."

ಕಸ್ತೂರಿ ಹಡೆದವಳಿಗೆಂದು ಬೇರೆ ಖಾನೆ ತೆರೆದು, ಅದರ ಮೇಲೆ ಅದನ್ನೇ ಬರೆದು ಗುಂಡಿ ಒತ್ತಿದಳು. ಮುಚ್ಚಳ ಬಿತ್ತು.

ಡಬ್ಬಿ ಕಿವಿಯ ಹಿಂದೆ ಕೂತ ಮೇಲೆ, ಸಂಜೆ ಮನೆಯಲ್ಲಿ ಮೊಮ್ಮಗಳು, "ಆಯೀ, ನಿನ್ನವ್ವನ ಹೆಸರೇನು?" ಎಂದು ಪರೀಕ್ಷೆ ಮಾಡಿದಳು. ಗುರುಬಾಯಿಗೆ ಹೊಳೆಯಲೇ ಇಲ್ಲ. ಆದರೆ ಸೊಸೆ ಒಲೆಯ ಮೇಲೆ ಅಗಸಿ ಹುರಿಯತೊಡಗಿದ್ದೇ ತಡ, ಹಡೆದವ್ವ ನೆನಪಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತಳು. ಹೆಸರು ಹೋಯಿತು, ಅವ್ವ ಉಳಿದಳು.